ಮಾವನ ಹೆಬ್ಬೆರಳ ಉಗುರು

ಹೇಳಿಬಿಡಲೇ? ಒಂದೇ ವಾಕ್ಯ ಸಾಕು. ಹೇಳಿದರೆ ಒಲೆ ಆರುತ್ತದೆ, ಸ್ಟೀಲಿನ ಪೆಟ್ಟಿಗೆ ಮತ್ತೆ ಅಟ್ಟ ಸೇರುತ್ತದೆ, ಮಾವ ನಾಳೆ ಬೆಳಿಗ್ಗೆ ತೆಪ್ಪಗೆ ಆಸ್ಪತ್ರೆಗೆ ಬರುತ್ತಾರೆ. ಆದರೆ ಹಾಗೆ ಬರುವ ಮನುಷ್ಯ, ಈಗ ಒಲೆಯ ಮುಂದೆ ಕೈಕಟ್ಟಿ ಏನೋ ಗುನುಗುತ್ತಾ ನಿಂತಿರುವ ಮನುಷ್ಯನೇ ಆಗಿರುತ್ತಾರೆಯೇ? ಹೇಳದಿದ್ದರೆ? ಹೇಳದಿದ್ದರೆ ಇನ್ನು ಹದಿನಾರು ನಿಮಿಷಕ್ಕೆ ತಮ್ಮ ತೊಡೆಗೆ ತಾವೇ ಚುಚ್ಚಿಕೊಳ್ಳುತ್ತಾರೆ. ಅದನ್ನು ನೋಡಿಕೊಂಡು ನಿಲ್ಲುವುದಕ್ಕೆ ತಾನು ನರ್ಸ್ ಆಗಬೇಕಿತ್ತೇ?

"ಅಳಿಯಂದ್ರೇ, ಎಷ್ಟಾಯ್ತು?"

"ನಾಲ್ಕು ನಿಮಿಷ."

"ಕುದಿ ಬಂದಮೇಲೆ ನಾಲ್ಕೋ, ಒಲೆ ಹಚ್ಚಿದಮೇಲೆ ನಾಲ್ಕೋ?"

"ಕುದಿ ಬಂದಮೇಲೆ."

"ಹಾಂ, ಅದು ಮಾತು. ಕುದಿ ಬಂದಮೇಲೆ ಇಪ್ಪತ್ತು. ಒಂದು ನಿಮಿಷ ಕಮ್ಮಿ ಆದ್ರೂ ನಾನು ಮುಟ್ಟೋನಲ್ಲ."

ಪೆಟ್ಟಿಗೆಯ ಮುಚ್ಚಳ ಆವಿಯ ರಭಸಕ್ಕೆ ತಟತಟ ಕುಣಿಯುತ್ತಿತ್ತು. ಒಳಗೆ ಗಾಜಿನ ಸಿರಿಂಜು, ಎರಡು ಸೂಜಿ, ಒಂದು ಚಿಮಟ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದ ಅವನ ಹೆಂಡತಿ ಅಲ್ಲಿಂದಲೇ ಕೂಗಿದಳು.

"ಅಪ್ಪಾ, ಅದರಲ್ಲೇ ಎರಡು ಮೊಟ್ಟೆ ಹಾಕಿಬಿಡು. ಗ್ಯಾಸ್ ಆದ್ರೂ ಉಳಿಯುತ್ತೆ."

"ನೀನು ನಿನ್ನ ಗುಂಡಿ ಹೊಲಿ. ಇದು ತಿಳಿದೋರ ಕೆಲಸ."

ಮಾವ ನಲವತ್ತು ವರ್ಷ ಒಬ್ಬ ಡಾಕ್ಟರ ಸಣ್ಣ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವರು. ಪುಡಿ ಕಟ್ಟುವುದು, ಔಷಧಿ ಬೆರೆಸುವುದು, ಗಾಯಕ್ಕೆ ಪಟ್ಟಿ ಹಾಕುವುದು ಎಲ್ಲ ಅವರದೇ. ಆದರೆ ಹೆಸರು ಬಂದದ್ದು ಇಂಜೆಕ್ಷನ್ನಿನಿಂದ. ಅವರ ಕೈ ಹೂವು ಎಂದು ಜನ ಹೇಳುತ್ತಿದ್ದರು. ಅಳುವ ಮಕ್ಕಳನ್ನು ಎರಡು ಬೀದಿ ದಾಟಿಸಿ ಅವರ ಹತ್ತಿರವೇ ತರುತ್ತಿದ್ದರು. ಡಾಕ್ಟರು ತೀರಿಕೊಂಡು ದವಾಖಾನೆಗೆ ಬೀಗ ಬಿದ್ದ ದಿನ ಮಾವ ಆ ಪೆಟ್ಟಿಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರಂತೆ. ಅದಾಗಿ ಹನ್ನೊಂದು ವರ್ಷ.

ಕಳೆದ ತಿಂಗಳು ಅಂಗಡಿಗೆ ಹೋದವರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮರಳಿದ್ದರು. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಗೊತ್ತೇ ಆಗಿರಲಿಲ್ಲ. ಮಗಳು ನಕ್ಕಳು, ಅಳಿಯ ನಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, "ಬಿ ಟ್ವೆಲ್ವ್ ವಿಟಮಿನ್ ತಳ ಕಂಡಿದೆ. ಎರಡು ವಾರದಲ್ಲಿ ಆರು ಇಂಜೆಕ್ಷನ್ ಆಗಬೇಕು. ತಡ ಮಾಡಿದ್ರೆ ಪಾದದ ಜೋಮು ಹಾಗೇ ಉಳಿದುಬಿಡಬಹುದು" ಎಂದರು. ಜೊತೆಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಚಿಕ್ಕ ಗಾಯವೂ ಬೇಗ ಮಾಯುವುದಿಲ್ಲ, ಜೋಪಾನ ಎಂದರು. ಮಾವ ಎಲ್ಲಕ್ಕೂ ತಲೆಯಾಡಿಸಿದರು. ಮನೆಗೆ ಬಂದು, ಆರು ಕೆಂಪು ಔಷಧಿಯ ಗಾಜಿನ ಕುಡಿಕೆಗಳನ್ನು ಕಪಾಟಿನಲ್ಲಿ ಜೋಡಿಸಿ, ಅಟ್ಟದಿಂದ ಪೆಟ್ಟಿಗೆ ಇಳಿಸಿದರು. ನನ್ನ ಮೈಗೆ ನಾನೇ ಹಾಕಿಕೊಳ್ಳುತ್ತೇನೆ, ಆಸ್ಪತ್ರೆಯ ಒರಟು ಕೈ ಬೇಡ ಎಂದರು. ಅದೂ ಅಳಿಯ ಕೆಲಸ ಮಾಡುವ ಆಸ್ಪತ್ರೆ. ಅಳಿಯ ಇರುವುದೇ ಅಲ್ಲಿನ ಇಂಜೆಕ್ಷನ್ ರೂಮಿನಲ್ಲಿ. ಅವನ ಕೈ ಒರಟೆಂದು ಮಾವ ಹೇಳಲಿಲ್ಲ. ಹಾಗೆ ಹೇಳದಿರುವುದೇ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಇಪ್ಪತ್ತು ನಿಮಿಷವಾಯಿತು. ಮಾವ ಕೈ ತೊಳೆದರು, ಚಿಮಟದಿಂದ ಸಿರಿಂಜು ಎತ್ತಿದರು, ಸೂಜಿ ಸಿಕ್ಕಿಸಿದರು. ಎಲ್ಲವೂ ಅಚ್ಚುಕಟ್ಟು. ಆಮೇಲೆ ಬೆಳಕಿಗೆ ತಿರುಗಿ, ಸೂಜಿಯ ತುದಿಯನ್ನು ಎಡಗೈ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಎಳೆದರು.

ಅದೇ. ಅವನು ಕಾಯುತ್ತಿದ್ದದ್ದು ಅದನ್ನೇ.

ಆಗಿನ ಸೂಜಿಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಬಳಸಿ ಬಳಸಿ ತುದಿ ಸಣ್ಣಗೆ ಕೊಕ್ಕೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಅಂಥದ್ದು ಚುಚ್ಚಿದರೆ ನೋವು, ಹೊರಗೆ ಬರುವಾಗ ಇನ್ನೂ ನೋವು. ಉಗುರಿನ ಮೇಲೆ ಎಳೆದರೆ ಕೊಕ್ಕೆ ಇದ್ದದ್ದು ತಡೆಯುತ್ತದೆ, ಇಲ್ಲದ್ದು ಜಾರುತ್ತದೆ. ಬೇರೆ ಕಾಂಪೌಂಡರುಗಳು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಾವನಿಗೆ ಕರುಣೆ ಹೆಚ್ಚು. ಅದಕ್ಕೆಂದೇ ಆ ಒಂದು ಉಗುರನ್ನು ಸ್ವಲ್ಪ ಉದ್ದ ಬಿಟ್ಟಿದ್ದರು. ಹೂವಿನ ಕೈಯ ಗುಟ್ಟು ಅದೇ. ಇಪ್ಪತ್ತು ನಿಮಿಷ ಕುದಿಸಿದ ಸೂಜಿಯನ್ನು, ಮೈಯೊಳಗೆ ಹೋಗುವ ಮುಂಚಿನ ಗಳಿಗೆಯಲ್ಲಿ, ಪ್ರೀತಿಯಿಂದ ಉಗುರಿಗೆ ಮುಟ್ಟಿಸುವುದು.

ಎಂಟು ವರ್ಷದ ಹುಡುಗನಾಗಿದ್ದಾಗ ಅವನು ಅದನ್ನು ಬಹಳ ಹತ್ತಿರದಿಂದ ನೋಡಿದ್ದ. ಜ್ವರ ಬಂದಿತ್ತು. ಅಮ್ಮ ಕರೆದುಕೊಂಡು ಹೋದ ದವಾಖಾನೆಯಲ್ಲಿ ಮೃದು ದನಿಯ ಒಬ್ಬರು ಬಗ್ಗಿ, "ನೋಡು ಮರೀ, ನನ್ನ ಉಗುರಿಗೇ ನೋವಾಗಲಿಲ್ಲ, ನಿನಗೆ ಆಗುತ್ತಾ?" ಎಂದಿದ್ದರು. ನಿಜವಾಗಿಯೂ ನೋವಾಗಲಿಲ್ಲ. ನಾಲ್ಕನೆಯ ದಿನ ಎಡ ಪಿರ್ರೆ ಊದಿಕೊಂಡಿತು. ಬೇರೆ ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಮೂರು ವಾರ ಹೊಟ್ಟೆಯ ಮೇಲೆ ಮಲಗಿ ಅವನು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ. ಕೊನೆಗೆ ರೈಲಿನ ವೇಳಾಪಟ್ಟಿಯನ್ನೂ ಬಿಡಲಿಲ್ಲ. ದಿನಾ ಬಂದು ಪಟ್ಟಿ ಬದಲಾಯಿಸುತ್ತಿದ್ದ ನರ್ಸ್ ಒಬ್ಬರನ್ನು ನೋಡಿಯೇ ಮುಂದೆ ಈ ಕೆಲಸಕ್ಕೆ ಬಂದ. ಅಮ್ಮ ಆ ದವಾಖಾನೆಯ ಕಡೆ ಮತ್ತೆ ತಲೆ ಹಾಕಲಿಲ್ಲ. ವಾಸಿಯಾದವರು ಹೇಳಲಿಕ್ಕೆ ಮರಳಿ ಬರುತ್ತಾರೆ. ಕೀವಾದವರು ಬೇರೆ ಕಡೆ ಹೋಗುತ್ತಾರೆ. ಹಾಗಾಗಿ, ನಲವತ್ತು ವರ್ಷದಲ್ಲಿ ಒಬ್ಬರಿಗೂ ಒಂದು ಬಾವು ಬಂದಿಲ್ಲ ಎಂದು ಮಾವ ಹೇಳುವಾಗ ಅವರು ಸುಳ್ಳು ಹೇಳುತ್ತಿರಲಿಲ್ಲ.

ಏಳು ವರ್ಷದ ಹಿಂದೆ, ಹೊಲಿಯುವಾಗ ಮೆಷಿನ್ನಿನ ಸೂಜಿ ಬೆರಳಿಗೆ ಹೊಕ್ಕು ಇಂಜೆಕ್ಷನ್ ರೂಮಿಗೆ ಬಂದ ಹುಡುಗಿಯೊಬ್ಬಳನ್ನು ಅವನು ಇಷ್ಟಪಟ್ಟ. ಅವಳ ಮನೆಗೆ ಮೊದಲ ಸಲ ಹೋದ ದಿನ ಅವಳಪ್ಪ ವಿಳಾಸ ಬರೆದುಕೊಡಲು ಪೆನ್ಸಿಲು ಹೆರೆದು, ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದರು. ಕೂತಲ್ಲೇ ಅವನ ಎಡ ಪಿರ್ರೆ ಚುಳ್ಳೆಂದಿತು. ಆಗ ಹೇಳದ್ದನ್ನು ಆಮೇಲೆ ಹೇಳಲು ಸರಿಯಾದ ದಿನವೇ ಸಿಗಲಿಲ್ಲ. ಕಲೆ ನೋಡಿ ಹೆಂಡತಿ ಕೇಳಿದಾಗ "ಚಿಕ್ಕವನಿದ್ದಾಗ ಒಂದು ಕುರ ಆಗಿತ್ತು" ಎಂದ. ಅದೂ ಸುಳ್ಳಲ್ಲ.

ಈಗ ಮಾವ ಕುಡಿಕೆಯ ಕುತ್ತಿಗೆ ಮುರಿಯಲು ಕೈ ಹಾಕಿದರು.

"ಮಾವ."

"ಹೂಂ?"

"ಇವತ್ತು ಬೇಡ."

"ಯಾಕೆ?"

ಯಾಕೆ ಎಂಬುದಕ್ಕೆ ಅವನ ಬಳಿ ಇದ್ದದ್ದು ಒಂದೇ ಉತ್ತರ. ಮುಂದಿನ ಕೋಣೆಯ ಮೆಷಿನ್ನಿನ ಸದ್ದು ನಿಂತಿತು. ಅವನ ಬಾಯಿಂದ ಹೊರಬಿದ್ದದ್ದು ಬೇರೆಯೇ.

"ನಾಳೆ ನಮ್ಮ ರೂಮಿಗೆ ಬನ್ನಿ. ನನ್ನ ಕೆಲಸ ನೀವು ಒಂದು ಸಲಾನೂ ನೋಡಿಲ್ಲ."

ಮಾವ ಸಿರಿಂಜು ಹಿಡಿದ ಕೈ ಇಳಿಸಿದರು. ಏಳು ವರ್ಷದಲ್ಲಿ ಅಳಿಯ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಅಂದ್ರೆ… ಪರೀಕ್ಷೆ ಮಾಡಿ ಅಂತೀರಾ?"

"ಹೂಂ."

"ನಾನು ನಿಷ್ಠುರ ಮನುಷ್ಯ ಕಣ್ರೀ. ಅಳಿಯ ಅಂತ ಬಿಡೋದಿಲ್ಲ."

"ಬಿಡಬೇಡಿ."

"ಸರಿ ಹಾಗಾದ್ರೆ. ಒಂದೇ ಒಂದು ತಪ್ಪು ಕಂಡ್ರೂ ಆರಕ್ಕೆ ಆರೂ ಈ ಪೆಟ್ಟಿಗೆಯಿಂದ. ಆಮೇಲೆ ಯಾರೂ ನನ್ನ ತಡೀಬಾರದು. ತಪ್ಪಿಲ್ಲದಿದ್ರೆ ಆರೂ ನಿಮ್ಮ ಕೈಯಲ್ಲಿ. ಒಪ್ಪಿಗೆಯಾ?"

ಅವನು ಒಪ್ಪಿದ. ಒಪ್ಪಿದ ಮೇಲೆ, ಮಾವನ ಲೆಕ್ಕದಲ್ಲಿ ತಪ್ಪು ಯಾವುದು ಎಂಬುದು ಹೊಳೆಯಿತು. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: "ನಾನೇ ಸಾಕ್ಷಿ. ಮಾತಿಗೆ ತಪ್ಪಿದೋರು ನನ್ನ ಮೆಷಿನ್ ರಿಪೇರಿ ಮಾಡಿಕೊಡಬೇಕು. ಬೆಳಿಗ್ಗೆಯಿಂದ ದಾರ ಕಚ್ತಾ ಇದೆ."

"ಅದನ್ನ ಹೇಗೂ ನಾನೇ ಮಾಡ್ಬೇಕಲ್ಲ" ಎಂದು ಮಾವ ಕನ್ನಡಕ ಹಾಕಿಕೊಂಡು ಸಂಜೆಯವರೆಗೂ ಮೆಷಿನ್ನಿನ ಹೊಟ್ಟೆ ಬಿಚ್ಚಿ ಕೂತರು. ಅಳಿಯ ಆ ಹೊತ್ತೆಲ್ಲ ಯೋಚಿಸುತ್ತಿದ್ದ. ಮೌನ ಎನ್ನುವುದು ಕರುಣೆಯೋ, ಪುಕ್ಕಲುತನವೋ? ಎರಡಕ್ಕೂ ಹೊರಗಿನಿಂದ ಒಂದೇ ಮುಖ.

ಇಂಜೆಕ್ಷನ್ ರೂಮು ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಮೊಣಕೈಯಿಂದ ತಿರುಗಿಸುವ ನಲ್ಲಿ, ಬಿಳಿ ಕಟ್ಟೆ, ಹಸಿರು ಪರದೆ, ಒಂದು ತಿರುಗು ಸ್ಟೂಲು. ಕಟ್ಟೆಯ ಬಲತುದಿಯಲ್ಲಿ, ಕೈ ಚಾಚಿದರೆ ಸಿಗುವ ಹಾಗೆ, ಬಳಸಿದ ಸೂಜಿ ಹಾಕುವ ಹಳದಿ ಡಬ್ಬ. ಅದರ ಮುಕ್ಕಾಲು ಎತ್ತರಕ್ಕೆ ಒಂದು ಗೆರೆ. ಗೆರೆ ಮುಟ್ಟಿದರೆ ಮುಚ್ಚಳ ಹಾಕಿ ಕಳಿಸಬೇಕು, ಅದುಮಿ ತುಂಬುವ ಹಾಗಿಲ್ಲ.

ಸೋಮವಾರ ಒಂಬತ್ತಕ್ಕೆ ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು. ಪುಟದ ತಲೆಯ ಮೇಲೆ ಆಗಲೇ "ಅಳಿಯನ ತಪ್ಪುಗಳು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಹೆಡ್ ನರ್ಸ್ ನೋಟ್‌ಬುಕ್ಕನ್ನೂ ಅಳಿಯನನ್ನೂ ನೋಡಿದರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಅವರು ಬರುವುದು ಅವರ ಶೂಗಳ ಕೀಚು ಸದ್ದಿನಿಂದ ಮೊದಲೇ ಗೊತ್ತಾಗುತ್ತಿತ್ತು.

"ಏನೋ ಬೋರ್ಡು, ಇವರು ಯಾರು? ಇನ್‌ಸ್ಪೆಕ್ಷನ್ ಅಂತ ನನಗೆ ಯಾರೂ ಹೇಳಲಿಲ್ಲ." ಗೋಡೆಯ ಮೇಲಿನ 'ನಿಶ್ಶಬ್ದವಾಗಿರಿ' ಬೋರ್ಡಿನಿಂದ ಬಂದ ಅಡ್ಡಹೆಸರು ಅದು; ಆಸ್ಪತ್ರೆಯಲ್ಲಿ ಅವನನ್ನು ಬೇರೆ ಹೆಸರಿನಿಂದ ಕರೆಯುವವರೇ ಕಡಿಮೆ.

"ನಮ್ಮ ಮಾವ. ನಲವತ್ತು ವರ್ಷ ಕಾಂಪೌಂಡರ್ ಆಗಿದ್ರು."

"ಅಬ್ಬಾ, ಹಾಗಾದ್ರೆ ನಾನೂ ಹುಷಾರಾಗಿರ್ಬೇಕು. ಆ ಮೂಲೇಲಿ ಕೂತ್ಕೊಳ್ಳಿ ಯಜಮಾನ್ರೇ. ಏನನ್ನೂ ಮುಟ್ಟಬೇಡಿ, ಅಷ್ಟೇ. ಪರದೆ ಆಚೆಗೆ ಹೋದೋರನ್ನ ಇಣುಕಬೇಡಿ."

"ಸಿಸ್ಟರಮ್ಮ, ನಾನು ಇಣುಕೋ ವಯಸ್ಸು ದಾಟಿ ಬಹಳ ದಿನ ಆಯ್ತು."

ಮೊದಲ ರೋಗಿ ಬಸ್ ಡ್ರೈವರು. ತಗಡು ತಾಗಿ ಅಂಗೈ ಸೀಳಿತ್ತು, ಧನುರ್ವಾಯುವಿನ ಇಂಜೆಕ್ಷನ್ ಆಗಬೇಕಿತ್ತು. ಆರಡಿ ಆಳು, ಪೊದೆ ಮೀಸೆ. ಆದರೆ ಸ್ಟೂಲಿನ ಮೇಲೆ ಕೂತವನೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅಳಿಯ ಕೈ ತೊಳೆದು ಒರೆಸಿಕೊಂಡ. ಹೊಸ ಸಿರಿಂಜಿನ ಪೊಟ್ಟಣವನ್ನು ಬೆಳಕಿಗೆ ಹಿಡಿದು ತೂತಿಲ್ಲವೆಂದು ನೋಡಿದ. ಔಷಧಿಯ ಹೆಸರು, ದಿನಾಂಕ ಓದಿದ. ಮೂಲೆಯಿಂದ ಪೆನ್ನು ಬಿಚ್ಚಿದ ಸದ್ದು ಕೇಳಿತು.

"ಯಾವ ರೂಟು?" ಮಾವನ ದನಿ.

"ಹಾಂ? ನಾನಾ? ಏಳು ಎ."

"ಓಹೋ, ಏಳು ಎ! ಆ ನೀರಿನ ಟ್ಯಾಂಕ್ ಸ್ಟಾಪಲ್ಲಿ ನಿಲ್ಲಿಸದೆ ಹೋಗೋ ಮಹಾನುಭಾವರು ನೀವೇನಾ?"

"ಯಜಮಾನ್ರೇ, ಅಲ್ಲಿ ಸ್ಟಾಪೇ ಇಲ್ಲ!"

"ಕಂಬ ಇದೆಯಲ್ರೀ."

"ಅದು ದೀಪದ ಕಂಬ! ದೀಪದ ಕಂಬಕ್ಕೆಲ್ಲ ಬಸ್ ನಿಲ್ಲಿಸಿದ್ರೆ ನಾನು ಮನೆಗೆ ಹೋಗೋದು ಯಾವಾಗ? ನೀವು ಕೈ ತೋರಿಸಿದ್ರೆ…"

"ತೋರಿಸ್ದೆ. ಎರಡೂ ಕೈ ತೋರಿಸ್ದೆ. ನೀವು ನನಗೆ ಟಾಟಾ ಮಾಡ್ಕೊಂಡು ಹೋದ್ರಿ."

ಡ್ರೈವರು ವಾದಿಸಲು ಬಾಯಿ ತೆರೆದು, ನೆನಪಾಗಿ ಅಳಿಯನ ಕಡೆ ತಿರುಗಿದ. "ಹಾಕಿ ಸರ್, ಬೇಗ ಹಾಕಿಬಿಡಿ."

"ಆಯ್ತು."

"ಆಗಲೇ?"

"ಟಾಟಾ ಹೇಳುವಾಗ."

ಸೂಜಿ ಆಗಲೇ ಹಳದಿ ಡಬ್ಬದಲ್ಲಿತ್ತು. ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ನಕ್ಕರು. ದೊಡ್ಡ ಸಿಸ್ಟರ್ ಬಾಗಿಲಿಗೆ ಒರಗಿ, "ನಮ್ಮ ಬೋರ್ಡಿಗೆ ಇಷ್ಟು ದಿನ ಸೌಂಡ್ ಇರಲಿಲ್ಲ, ಈಗ ಬಂತು ನೋಡಿ" ಎಂದರು.

ಹಾಗೇ ಒಂಬತ್ತು ಮಂದಿ ಆದರು. ಮಾವ ಮಾತಾಡಿದರು, ಅಳಿಯ ಚುಚ್ಚಿದ. ನಡುನಡುವೆ ಸಂಕಟವೂ ಹೊರಬರುತ್ತಿತ್ತು. "ಅಯ್ಯೋ, ಒಂದೇ ಸಲ ಬಳಸಿದ್ದು! ಇನ್ನೂ ಫಳಫಳ ಹೊಳೀತಿದೆ, ಬಿಸಾಕಿಬಿಟ್ರಲ್ಲ!" ಹತ್ತಿಯ ವಿಚಾರದಲ್ಲೂ ಅಷ್ಟೇ. ಅವರ ಕಾಲದಲ್ಲಿ ಒಂದು ದೊಡ್ಡ ಡಬ್ಬಿಯಲ್ಲಿ ಸ್ಪಿರಿಟಿಗೆ ಹತ್ತಿ ನೆನೆಹಾಕಿ ದಿನವಿಡೀ ಅದರಿಂದಲೇ ತೆಗೆಯುತ್ತಿದ್ದರು. ಇಲ್ಲಿ ಒಬ್ಬರಿಗೆ ಒಂದು ಪೊಟ್ಟಣ. "ಎಲ್ಲರ ಬೆರಳೂ ಒಂದೇ ಡಬ್ಬಿಗೆ ಹೋಗೋದು ಬೇಡ ಅಂತ" ಎಂದು ಅಳಿಯ ಹೇಳಿದಾಗ ಮಾವ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಅದೂ ಸರಿಯೇ" ಎಂದರು. ನ್ಯಾಯವಂತ ಪರೀಕ್ಷಕ. ಅದನ್ನು ತಪ್ಪಿನ ಪಟ್ಟಿಗೆ ಸೇರಿಸಲಿಲ್ಲ.

ಹತ್ತನೆಯ ಸರದಿ ಅವರದೇ. ಅವನು ಕೈ ತೊಳೆದು ಕಟ್ಟೆಯ ಮುಂದೆ ನಿಂತಾಗ ಮಾವ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ಹೊಟ್ಟೆಕಿಚ್ಚಿಲ್ಲದೆ ಹೇಳ್ತೀನಿ. ಕೈ ಚೆನ್ನಾಗಿದೆ. ಶುಚಿ ಚೆನ್ನಾಗಿದೆ. ಆದ್ರೆ ಒಂದು ತಪ್ಪು ಇದೆ. ಒಂಬತ್ತು ಮಂದಿಗೂ ಮಾಡಿದ್ರಿ, ಅದೇ ತಪ್ಪು."

ನೋಟ್‌ಬುಕ್ಕು ತಿರುಗಿಸಿ ತೋರಿಸಿದರು. ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು. 'ಉಗುರು ನೋಡಲಿಲ್ಲ.'

"ಉಗುರಾ?" ದೊಡ್ಡ ಸಿಸ್ಟರ್ ಒಳಗೆ ಬಂದರು. "ಯಾವ ಉಗುರು?"

"ಸೂಜಿ ತುದೀನ ಉಗುರಿನ ಮೇಲೆ ಎಳೆದು ನೋಡ್ಬೇಕಮ್ಮಾ. ಒಂದು ಕೂದಲಿನಷ್ಟು ಕೊಕ್ಕೆ ಇದ್ರೂ ಗೊತ್ತಾಗುತ್ತೆ. ಹೊಸ ಸೂಜಿ ಆದ್ರೇನು, ನೋಡದೆ ಒಬ್ಬರ ಮೈಗೆ ಹೇಗೆ ಹಾಕೋದು? ನಾನು ನಲವತ್ತು ವರ್ಷ…"

ದೊಡ್ಡ ಸಿಸ್ಟರ್‌ನ ಹುಬ್ಬು ಮೇಲೇರಿತು, ಬಾಯಿ ತೆರೆಯಿತು. ಅಲ್ಲಿಂದ ಏನು ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ಹೊಸ ನರ್ಸುಗಳು ಅದನ್ನು ಕೇಳಿ ಶೌಚಾಲಯಕ್ಕೆ ಹೋಗಿ ಅತ್ತದ್ದಿದೆ. ಬೆಂಚಿನಲ್ಲಿ ಇನ್ನೂ ಏಳೆಂಟು ಜನ. ಡ್ರೈವರೂ ಹೋಗಿರಲಿಲ್ಲ, ಹರಟೆ ಬಿಟ್ಟು ಹೋಗಲು ಮನಸ್ಸಿಲ್ಲದೆ ಬಾಗಿಲಲ್ಲೇ ನಿಂತಿದ್ದ. ಅವರೆಲ್ಲರ ಮುಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮಾವ.

ಅಳಿಯ ಸಿಸ್ಟರ್ ಕಡೆ ನೋಡಿ ತಲೆಯಾಡಿಸಿದ, ಅಡ್ಡಕ್ಕೆ. ಒಂದೇ ಸಲ. ಎಂಟು ವರ್ಷದ ನೌಕರಿಯಲ್ಲಿ ಅವನು ಅವರಿಗೆ ಎದುರಾಡಿದ್ದು ಅಷ್ಟೇ. ಸಿಸ್ಟರ್ ಬಾಯಿ ಮುಚ್ಚಿದರು. ಅದೊಂದು ಸಣ್ಣ ಪವಾಡ.

"ಸರಿ ಮಾವ," ಅವನೆಂದ. "ಇದು ನಿಮ್ಮ ಮೈಗೆ ಹೋಗೋ ಸೂಜಿ. ನೀವೇ ನೋಡಿ. ಆದ್ರೆ ಈ ರೂಮಿನ ರೂಲು, ಸೂಜಿ ಮುಟ್ಟೋರು ಮೊದಲು ಕೈ ತೊಳೀಬೇಕು."

"ಅದನ್ನ ನನಗೆ ಹೇಳಿಕೊಡ್ತೀರಾ?" ಮಾವ ಖುಷಿಯಿಂದ ತೋಳು ಮಡಚಿದರು. ಕೈ ತೊಳೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮೊಣಕೈಯಿಂದ ನಲ್ಲಿ ತಿರುಗಿಸಿ, ಸೋಪಿನ ನೊರೆ ಬರಿಸಿ, ಬೆರಳ ಸಂದು, ಅಂಗೈ ಗೆರೆ, ಮಣಿಕಟ್ಟು ಒಂದನ್ನೂ ಬಿಡದೆ ಉಜ್ಜಿದರು. ಬೆಂಚಿನವರು ಇಣುಕಿ ನೋಡುತ್ತಿದ್ದರು. ಒರೆಸಿಕೊಂಡು ಬಂದು ಕೈ ಚಾಚಿದರು. ಅವನು ಹೊಸ ಪೊಟ್ಟಣ ಬಿಚ್ಚಿ ಸಿರಿಂಜು ಕೊಟ್ಟ. ಮಾವ ಸೂಜಿಯ ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ತಿರುಗಿದರು. ಎಡಗೈ ಹೆಬ್ಬೆರಳು ಮೇಲೆದ್ದಿತು. ಸೂಜಿ ಹತ್ತಿರ ಬಂತು.

ನಿಂತಿತು.

ಉಗುರಿನ ಅಡಿಯಲ್ಲಿ, ತುದಿಯಿಂದ ತುದಿಗೆ, ಒಂದು ಕಪ್ಪು ಗೆರೆ. ನಿನ್ನೆ ಬಿಚ್ಚಿದ ಹೊಲಿಗೆ ಮೆಷಿನ್ನಿನ ಜಿಡ್ಡು. ಮಾವ ಸೂಜಿಯನ್ನು ಅವನ ಕೈಗೆ ಕೊಟ್ಟು ಮತ್ತೆ ನಲ್ಲಿಯ ಹತ್ತಿರ ಹೋದರು. ಮತ್ತೆ ಸೋಪು, ಮತ್ತೆ ನೊರೆ. ಬಂದು ಬೆಳಕಿಗೆ ಹಿಡಿದರು. ಗೆರೆ ತೆಳುವಾಗಿತ್ತು, ಹೋಗಿರಲಿಲ್ಲ. ಮೂರನೆಯ ಸಲ ಹೋಗಲಿಲ್ಲ. ಕನ್ನಡಕ ಮೇಲೆತ್ತಿ ಉಗುರನ್ನು ಕಣ್ಣಿನ ಹತ್ತಿರ ತಂದರು. ಅದರ ಮೇಲೆ ನಲವತ್ತು ವರ್ಷದ ಸೂಜಿಗಳು, ಪೆನ್ಸಿಲುಗಳು ಎಳೆದ ಸಣ್ಣ ಸಣ್ಣ ಗೀರುಗಳು.

ಮಾತಿಲ್ಲದ ಗಳಿಗೆಗಳನ್ನು ಅವನು ಬಹಳ ನೋಡಿದ್ದ, ತಾನೇ ಬಹಳ ಮಾಡಿದ್ದ. ಆದರೆ ಒಬ್ಬ ಮನುಷ್ಯ ತನ್ನ ಹೆಬ್ಬೆರಳನ್ನು ಹಾಗೆ ಓದುವುದನ್ನು ನೋಡಿರಲಿಲ್ಲ. ಅಡ್ಡಿ ಮಾಡಬಾರದು ಅನ್ನಿಸಿತು. ಸಮಾಧಾನದ ಮಾತೂ ಆಗ ಅಡ್ಡಿಯೇ.

"ನಲವತ್ತು ವರ್ಷ ಸೂಜಿ ನೋಡ್ದೆ" ಎಂದರು ಮಾವ ಕೊನೆಗೆ, ಮೆಲ್ಲಗೆ. "ಉಗುರು ನೋಡಲಿಲ್ಲ."

ಹೋಗಿ ಸ್ಟೂಲಿನ ಮೇಲೆ ಕೂತು ತಾವೇ ತೋಳು ಮೇಲಕ್ಕೆ ಸರಿಸಿದರು. "ಆ ಸೂಜಿ ಡಬ್ಬಕ್ಕೆ ಹಾಕಿ. ನಾನು ಮುಚ್ಚಳ ತೆಗೆದು ಗಾಳಿಗೆ ಹಿಡಿದಿದ್ದೀನಿ. ಹೊಸದು ತಗೊಳ್ಳಿ."

"ಹೊಳೀತಿತ್ತಲ್ಲ ಮಾವ?"

"ತಮಾಷೆ ಮಾಡ್ತೀರೇನ್ರೀ? ಹಾಕಿ ಅಂದ್ರೆ ಹಾಕಿ."

ಬಾಗಿಲಲ್ಲಿ ಡ್ರೈವರಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ನೀವೀಗ ಯಾವ ರೂಟು?"

ಮಾವ ಅವನ ಕಡೆ ತಿರುಗಿ ಮೊದಲ ಸಲ ನಕ್ಕರು. "ನಾನಾ? ರಿಟರ್ನ್ ಟ್ರಿಪ್ಪು."

ಕೆಂಪು ಔಷಧಿ ಸಿರಿಂಜಿನಲ್ಲಿ ದಾಳಿಂಬೆ ಕಾಳಿನ ಬಣ್ಣದಲ್ಲಿ ಮಿನುಗಿತು. ಅವನು ಪೊಟ್ಟಣದ ಹತ್ತಿಯಿಂದ ಒರೆಸಿ, ಒದ್ದೆ ಆರುವವರೆಗೆ ಕಾದ. ಚುಚ್ಚಿದ. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಯಾವಾಗ ಹಾಕ್ತೀರಿ?"

"ಆಯ್ತು ಮಾವ."

"ಸುಳ್ಳು!"

"ಡಬ್ಬ ನೋಡಿ."

ಮಾವ ಡಬ್ಬ ನೋಡಿದರು, ತೋಳು ನೋಡಿಕೊಂಡರು. ಆಮೇಲೆ ದೊಡ್ಡ ಸಿಸ್ಟರ್ ಕಡೆ ತಿರುಗಿ, ಹುಡುಗಿಯ ಅಪ್ಪಂದಿರಿಗೆ ಮಾತ್ರ ಬರುವ ಒಂದು ಗತ್ತಿನಲ್ಲಿ, "ನಮ್ಮ ಅಳಿಯಂದ್ರು" ಎಂದರು.

ಇಂಜೆಕ್ಷನ್ ಆದಮೇಲೆ ಸ್ವಲ್ಪ ಹೊತ್ತು ಕಾರಿಡಾರಿನಲ್ಲಿ ಕೂತು ಹೋಗಬೇಕೆಂಬುದು ಆ ರೂಮಿನ ಪದ್ಧತಿ. ಚಹಾದ ವಿರಾಮ ತೆಗೆದುಕೊಂಡು ಅವನೂ ಪಕ್ಕದಲ್ಲಿ ಕೂತ. ಮಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು.

"ಅಳಿಯಂದ್ರೇ."

"ಹೇಳಿ ಮಾವ."

"ಯಾರಿಗೂ ಏನೂ ಆಗಿಲ್ಲ ಅಂತ ನಾನಂದುಕೊಂಡಿದ್ದು… ಆದೋರು ವಾಪಸ್ ಬರಲಿಲ್ಲ, ಅಷ್ಟೇನಾ?"

ಆ ವಾಕ್ಯ ಮತ್ತೆ ಎದ್ದು ಬಂತು. ಈಗ ಹೇಳಬಹುದಿತ್ತು. ಕೇಳಿದ್ದಾರೆ, ಕೇಳಿದವರಿಗೆ ಹೇಳುವುದು ತಪ್ಪಲ್ಲ. ಬೆಂಚಿನ ಮರ ಅವನ ಎಡಗಡೆ ಗಟ್ಟಿಯಾಗಿ ಒತ್ತುತ್ತಿತ್ತು.

"ಆಗ ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ."

"ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ."

"ಅಲ್ಲ." ಅವನು ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸಿದ. "ಆಗಿರಬಹುದು ಮಾವ. ಒಬ್ಬರಿಗೋ ಇಬ್ಬರಿಗೋ. ಆದರೆ ಅವರಿಗೆ ವಾಸಿಯೂ ಆಗಿರುತ್ತೆ."

"ಆಗಿರುತ್ತೆ ಅಂತೀರಾ?"

"ಆಗಿರುತ್ತೆ. ಆರಾಮಾಗಿ ಓಡಾಡ್ಕೊಂಡಿರ್ತಾರೆ. ಕೆಲಸಕ್ಕೆ ಹೋಗ್ತಿರ್ತಾರೆ, ಮದುವೆ ಗಿದುವೆ ಆಗಿರ್ತಾರೆ."

"ನನ್ನ ಬೈಕೊಂಡಿರ್ತಾರೆ."

"ಚುಚ್ಚಿದಾಗ ನೋವಾಗಲಿಲ್ಲವಲ್ಲ. ಅದೂ ನೆನಪಿರುತ್ತೆ."

ಮಾವ ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವನು ಚಹಾ ಕುಡಿದ. ಅದು ಆಗಲೇ ಮುಗಿದಿತ್ತು, ಬರೀ ಲೋಟ.

ಆ ಸಂಜೆ ಮಾವ ಮಗಳ ದೊಡ್ಡ ಕತ್ತರಿ ಕೇಳಿದರು.

"ಬಟ್ಟೆ ಕತ್ತರಿ, ಅಪ್ಪಾ! ಬೇರೆಯದಕ್ಕೆ ಹಾಕಿದ್ರೆ ಮೊಂಡಾಗುತ್ತೆ."

"ಒಂದೇ ಒಂದು ತುಂಡು ಕಣೇ."

ಕಟ್ ಎಂದು ಶಬ್ದವಾಯಿತು. ಅವಳು ತಿರುಗಿ ನೋಡಿ, ತಿರುಗಿದಲ್ಲೇ ನಿಂತಳು. "ನಾನು ಹುಟ್ಟಿದಾಗಿಂದ ಇತ್ತಲ್ಲ ಆ ಉಗುರು! ರೀ, ಏನು ಮಾಡಿದ್ರಿ ನಮ್ಮಪ್ಪಂಗೆ? ಏನು ಹೇಳಿದ್ರಿ?"

"ಏನೂ ಹೇಳಲಿಲ್ಲ."

"ನಿಮ್ಮನ್ನ ಕೇಳಿದ್ದು ನನ್ನ ತಪ್ಪು. ಗೋಡೆಗೆ ಕೇಳಿದ್ರೆ ಅದಾದ್ರೂ ಎರಡು ಮಾತು ಹೆಚ್ಚಿಗೆ ಆಡುತ್ತೆ."

ನೋಟ್‌ಬುಕ್ಕು ಟೇಬಲ್ಲಿನ ಮೇಲೆ ತೆರೆದೇ ಬಿದ್ದಿತ್ತು. 'ಉಗುರು ನೋಡಲಿಲ್ಲ' ಎಂಬ ಸಾಲು ಹಾಗೇ ಇತ್ತು. ಮೇಲಿನ 'ಅಳಿಯನ ತಪ್ಪುಗಳು' ಎಂಬಲ್ಲಿ 'ಅಳಿಯನ' ಎಂಬುದಕ್ಕೆ ಕಾಟು ಹೊಡೆದಿದ್ದರು. ಬದಲಿಗೆ ಏನೂ ಬರೆದಿರಲಿಲ್ಲ.

ಆರು ಇಂಜೆಕ್ಷನ್ನೂ ಅವನ ಕೈಯಲ್ಲೇ ಆದವು. ಆರೂ ಸಲ ಮಾವ ಒಂದು ಗಂಟೆ ಮೊದಲೇ ಬಂದು ಮೂಲೆಯಲ್ಲಿ ಕೂತರು. ಮುಗಿದ ಮೇಲೂ ಬರುವುದನ್ನು ಬಿಡಲಿಲ್ಲ. ಹೆದರುವ ರೋಗಿ ಬಂದರೆ ದೊಡ್ಡ ಸಿಸ್ಟರೇ, "ಬೋರ್ಡಿನ ಸೌಂಡು ಎಲ್ಲಿ? ಕರೀರಿ" ಎನ್ನುತ್ತಿದ್ದರು. ಮಾವ ಬಂದು ಹವೆಯಿಂದ ಹಿಡಿದು ಬಸ್ಸಿನವರೆಗೆ ಏನಾದರೊಂದು ಜಗಳ ತೆಗೆಯುತ್ತಿದ್ದರು. ಜಗಳ ಬಿಸಿಯೇರುವಷ್ಟರಲ್ಲಿ ಸೂಜಿ ಡಬ್ಬ ಸೇರಿರುತ್ತಿತ್ತು. ಹೊಸ ನರ್ಸುಗಳಿಗೆ ಅವರೇ ಹೆಬ್ಬೆರಳು ತೋರಿಸಿ, ತಮ್ಮ ತಪ್ಪನ್ನು ತಾವೇ ಕಥೆ ಮಾಡಿ ಹೇಳುತ್ತಿದ್ದರು. ಪ್ರತಿ ಸಲವೂ ಕಥೆಯಲ್ಲಿ ಜಿಡ್ಡು ಸ್ವಲ್ಪ ಹೆಚ್ಚುತ್ತಿತ್ತು. ಸ್ಟೀಲಿನ ಪೆಟ್ಟಿಗೆಯಲ್ಲಿ ಈಗ ಮಗಳ ಗುಂಡಿಗಳಿವೆ, ಬಣ್ಣಕ್ಕೊಂದು ಪೊಟ್ಟಣ.

ಮೂರನೆಯ ತಿಂಗಳು, ಒಂದು ಬೆಳಿಗ್ಗೆ, ಸ್ನಾನದ ಮನೆಯಿಂದ ಮಾವನ ಕೂಗು ಕೇಳಿ ಇಬ್ಬರೂ ಓಡಿದರು. ಬಿದ್ದಿರಲಿಲ್ಲ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಒಂದು ಪಾದ ಎತ್ತಿ ಇನ್ನೊಂದು ಊರಿ, ಮತ್ತೆ ಇದನ್ನೆತ್ತಿ ಅದನ್ನು ಊರುತ್ತಿದ್ದರು.

"ತಣ್ಣಗಿದೆ ಕಣ್ರೀ! ನೆಲ ತಣ್ಣಗಿದೆ!"

"ನೆಲ ತಣ್ಣಗಿರದೆ ಬೆಚ್ಚಗಿರುತ್ತಾ ಅಪ್ಪಾ? ಚಪ್ಪಲಿ ಹಾಕ್ಕೋ" ಎಂದಳು ಮಗಳು. ಹೇಳುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎರಡೂ ಹಾಕ್ಕೋತೀನಿ. ಈಗ ಬಿದ್ರೆ ಗೊತ್ತಾಗುತ್ತೆ" ಎಂದರು ಮಾವ. ಆಮೇಲೆ ಅಳಿಯನ ಭುಜ ಹಿಡಿದು, ಏನೋ ಕೇಳಬೇಕೆಂದುಕೊಂಡವರ ಹಾಗೆ ಅವನ ಮುಖವನ್ನೇ ನೋಡಿದರು. ಕೇಳಲಿಲ್ಲ.

ತನ್ನ ಎಡ ಪಿರ್ರೆಯ ಮೇಲಿನ ಕಲೆ ಯಾರ ಕೈಯ ಸೂಜಿಯದೆಂದು ಅವನು ಮಾವನಿಗೆ ಎಂದೂ ಹೇಳಲಿಲ್ಲ.